ಬೀದಿಗೆ ಮುಖ ಮಾಡಿದ ಚಪ್ಪಲಿಗಳು

ಅವತ್ತು ಬೆಳಿಗ್ಗೆ ಎರಡನೇ ರೊಟ್ಟಿ ಹಂಚಿಗೆ ಹಾಕಿದ್ದೆನಷ್ಟೇ, ಪಡಸಾಲೆಯಿಂದ ಭಾವನ ದನಿ ಕೇಳಿತು.

"ಏನವಾ ಸರಿತಾ, ಇನ್ನೂ ಚಾ ಸೈತ ಕುಡದಿಲ್ಲ, ಆಗಲೇ ನಡೀರಿ ಅಂತೀಯಲ್ಲ?"

ಹಿಟ್ಟಿನ ಕೈಯಲ್ಲೇ ಹೊರಗೆ ಬಂದೆ. ಮೆಟ್ಟಿಲ ಬಳಿ ಅವರ ಚಪ್ಪಲಿಗಳು ಬೀದಿಗೆ ಮುಖ ಮಾಡಿ ಕೂತಿದ್ದವು. ಬಂದವರ ಚಪ್ಪಲಿ ಹಾಗೆ ತಿರುಗಿಸಿಟ್ಟರೆ ಎದ್ದು ಹೋಗಿ ಅಂದಂತೆ ಎಂಬುದು ನಮ್ಮ ಮನೆಯ ಹಳೆಯ ನಂಬಿಕೆ. ಭಾವ ಬಾಪುಸಾಹೇಬ ಉಗಾರ ಬುದ್ರುಕದಿಂದ ಮೊದಲ ಬಸ್ಸಿಗೆ ಬಂದಿದ್ದರು. ಕೈಯಲ್ಲಿ ನಮ್ಮ ಮಗಳು ಉಜ್ವಲಾಳ ಬಿ.ಎಡ್. ಅರ್ಜಿ. ಅವತ್ತೇ ಕೊನೆಯ ದಿನ. ಅವಳದೊಂದು ಸಹಿ ಬಿದ್ದರೆ ಮುಗಿಯಿತು.

ತಿರುಗಿಸಿದ್ದು ಯಾರೆಂದು ನನಗೆ ಗೊತ್ತಿತ್ತು.

೨೦೦೨ರಲ್ಲಿ ನಮ್ಮ ಕಬ್ಬೂರಿನ ಬುದ್ಧವಿಹಾರಕ್ಕೆ ಜಪಾನಿನಿಂದ ವಯಸ್ಸಾದ ಹೆಣ್ಣುಮಗಳೊಬ್ಬರು ಬಂದಿದ್ದರು. ವಂದನೆ ಮುಗಿದು ನಾವೆಲ್ಲ ಒಳಗೆ ಶಿರಾ ತಿನ್ನುತ್ತಿದ್ದಾಗ ಅವರು ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು, ಕಬ್ಬಿನ ಹೊಲದ ಮಣ್ಣು ಮೆತ್ತಿದ ನಮ್ಮವರ ಚಪ್ಪಲಿಗಳನ್ನು ಒಂದೊಂದಾಗಿ ಹೊರಮುಖವಾಗಿ ಜೋಡಿಸುತ್ತಿದ್ದರು. ಹೋಗುವಾಗ ಮೆಟ್ಟಲು ಸಲೀಸಾಗಲಿ ಎಂದಂತೆ. ಎಂಟು ವರ್ಷದ ಉಜ್ವಲಾ ಅವರ ಪಕ್ಕದಲ್ಲೇ ಕೂತು ಕೈಜೋಡಿಸಿದ್ದಳು. ಊರವರು ಮುಟ್ಟಲು ಹೇಸುವ ನಮ್ಮವರ ಚಪ್ಪಲಿಯನ್ನು ಹೊರಗಿನವರೊಬ್ಬರು ಕೈಯಾರೆ ಮುಟ್ಟಿದ್ದನ್ನು ನನ್ನ ಅತ್ತೆ ಅಕ್ಕುತಾಯಿ ಸಾಯುವ ತನಕ ಹೇಳುತ್ತಿದ್ದರು.

ಆಮೇಲೆ ಹುಡುಗಿಯ ನೋಟುಬುಕ್ಕಿನ ಹಿಂದಿನ ಹಾಳೆಗಳಲ್ಲೆಲ್ಲ ನನಗೆ ಓದಲು ಬಾರದ ಜಪಾನಿನ ಅಕ್ಷರಗಳು. ಹನ್ನೆರಡು ವರ್ಷ ಹಾಗೇ ಕಳೆಯಿತು. ಹೋದ ತಿಂಗಳು ಬಟ್ಟೆ ಮಡಚಿಡುವಾಗ ಅವಳ ಟ್ರಂಕಿನಲ್ಲಿ, ನಿಪ್ಪಾಣಿಯ ಇಂಟರ್‌ನೆಟ್ ಅಂಗಡಿಯಲ್ಲಿ ತೆಗೆಸಿದ ಹಾಳೆಯೊಂದು ಸಿಕ್ಕಿತ್ತು. ಜಪಾನಿನ ಕಾಲೇಜೊಂದರ ವಿವರ. ಇದ್ದ ಮಡಿಕೆಯಲ್ಲೇ ಮಡಚಿ ಇಟ್ಟೆ. ಅವಳ ಬಾಯಿಂದಲೇ ಬರಲಿ ಎಂದು ಕಾದೆ. ಬಂದಿರಲಿಲ್ಲ.

"ದೊಡ್ಡಪ್ಪಾ, ಹಂಗಲ್ರಿ," ಎಂದಳು ಉಜ್ವಲಾ, ಚಹಾ ಇಡುತ್ತ. "ನೀವು ಹೋಗೂಮುಂದ ಆರಾಮ ಆಗ್ಲಿ ಅಂತ ಇಟ್ಟೇನ್ರಿ. ಜಪಾನದಾಗ ಹಿಂಗ ಇಡ್ತಾರ."

"ಅಲ್ಲೆ ಹೆಂಗರ ಇಟ್ಕೊಳ್ಳಿ, ಇದು ಕಬ್ಬೂರ ಐತಿ!" ಭಾವ ನಕ್ಕರು. "ನಾಳೆ ಬೀಗರು ಬಂದ್ರ ಚಪ್ಪಲಿ ನೋಡೇ ಓಡಿ ಹೋಗ್ತಾರ ನೋಡು. ತಗೋ, ಸಹಿ ಮಾಡು."

ನನ್ನ ಗಂಡ ಜ್ಞಾನದೇವ ಕೂಡ ನಕ್ಕರು. ಉಜ್ವಲಾ ನಗಲಿಲ್ಲ. ಪೆನ್ನು ತಗೊಂಡಳು. ಮುಚ್ಚಳ ತೆಗೆದಳು, ಮತ್ತೆ ಹಾಕಿದಳು. ಒಳಗೆ ರೊಟ್ಟಿ ಸೀಯುತ್ತಿತ್ತು, ನಾನು ಕದಲಲಿಲ್ಲ.

"ಯಾಕವಾ, ಏನು ಹೇಳೂದೈತಿ?" ಎಂದೆ.

ಅವಳು ಪೆನ್ನನ್ನು ಅರ್ಜಿಯ ಮೇಲಿಟ್ಟು ನನ್ನ ಕಡೆ ತಿರುಗಿದಳು.

"ಅವ್ವಾ, ಆ ಮಂದಿ ನಡುವ ಇದ್ದು ಅವರ ರೀತಿ ಕಲೀಬೇಕು ಅನಸ್ತೈತಿ. ನಾ ಜಪಾನಕ್ಕ ಓದಾಕ ಹೋಗ್ಲೇನು?"