ಚುರುಕಿ ಒತ್ತದ ಬಟನ್

ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಚುರುಕಿ ಎನ್ನುತ್ತಿದ್ದರು. ಆಸ್ಪತ್ರೆಗಳ ಬೆಡ್‌ಶೀಟುಗಳು ಒಗೆದು ಹಿಂಡಿದ ಮೇಲೆ ಒದ್ದೆಯಾಗಿಯೇ ಬರುತ್ತಿದ್ದವು. ಇಬ್ಬರು ಹೆಂಗಸರು ಒಂದೊಂದು ತುದಿ ಹಿಡಿದು ಇಸ್ತ್ರಿ ಮಾಡುವ ಕಾದ ರೋಲರಿನ ಬಾಯಿಗೆ ಕೊಡಬೇಕು. ಎಡಕ್ಕೆ ದೊಡ್ಡಕ್ಕ, ಬಲಕ್ಕೆ ಚುರುಕಿ. ಒಂಬತ್ತು ವರ್ಷದ ಜೋಡಿ. ತಂತಮ್ಮ ಅತ್ತೆಯರನ್ನು ಬಾಯ್ತುಂಬ ಬೈದುಕೊಳ್ಳುತ್ತಲೇ ರಾಶಿ ರಾಶಿ ಶೀಟು ದಾಟಿಸುತ್ತಿದ್ದರು.

ಒಂದು ಬೆಳಿಗ್ಗೆ ಶೀಟಿನ ಅಂಚು ಮಡಚಿಕೊಂಡಿತು. ಬಿಡಿಸಲು ಹೋದ ದೊಡ್ಡಕ್ಕನ ಕೈ ಬಟ್ಟೆಯ ಜೊತೆಗೇ ಒಳಗೆ ಹೋಯಿತು. ಯಂತ್ರ ನಿಲ್ಲಿಸುವ ಕೆಂಪು ಬಟನ್ ಇದ್ದದ್ದು ಚುರುಕಿಯ ಕಡೆ, ಮೊಳದ ದೂರದಲ್ಲಿ. ದೊಡ್ಡಕ್ಕ ಅವಳ ಮುಖ ನೋಡಿಯೇ ಕೂಗಿದಳು. ಚುರುಕಿಗೆ ಎಲ್ಲವೂ ಕಾಣುತ್ತಿತ್ತು, ಕೇಳುತ್ತಿತ್ತು. ಕೈ ಮಾತ್ರ ಮೇಲೇಳಲಿಲ್ಲ. ಕೊನೆಗೆ ಆಚೆ ಬದಿಯಲ್ಲಿ ಶೀಟು ಮಡಿಸುತ್ತಿದ್ದವಳು ಓಡಿಬಂದು ಬಟನ್ ಒತ್ತಿದಳು. ಅಷ್ಟರಲ್ಲಿ ನಾಲ್ಕು ಬೆರಳು ಹೋಗಿದ್ದವು.

ಆಮೇಲೆ ಚುರುಕಿಗೆ ಹಬೆಯ ಸದ್ದು ಕೇಳಿದರೆ ಸಾಕು, ಮೈ ಬೆವರುತ್ತಿತ್ತು. ಅನ್ನ ಬಸಿಯುವಾಗ ಹಬೆ ಮುಖಕ್ಕೆ ಬಡಿದರೆ ಪಾತ್ರೆ ಕೈಬಿಟ್ಟು ಗೋಡೆಗೆ ಒರಗುತ್ತಿದ್ದಳು. ಸ್ನಾನದ ನೀರನ್ನೂ ಬಿಸಿ ಮಾಡುತ್ತಿರಲಿಲ್ಲ.

"ಕೈ ಕಾಲು ನೆಟ್ಟಗಿದೆಯಲ್ಲ, ಇನ್ನೇನು ಬೇಕು ನಿಂಗೆ?" ಎಂದ ಗಂಡ.

"ನಮಗೆಲ್ಲ ಹೆದರ್ಕೊಂಡು ಕೂರೋಕೆ ಪುರುಸೊತ್ತೇ ಇರ್ಲಿಲ್ಲಮ್ಮ" ಎಂದಳು ಅತ್ತೆ, ಕೆಳಗೆ ಚೆಲ್ಲಿದ ಅನ್ನವನ್ನು ಅವಳ ತಟ್ಟೆಗೇ ತುಂಬುತ್ತ.

ಯಾರಿಗೂ ಹೇಳದೆ ಅವಳು ಡಾಕ್ಟರ ಹತ್ತಿರ ಹೋದಳು. ಕಣ್ಣಾರೆ ಕಂಡ ಅಪಘಾತ ಮನಸ್ಸಿಗೆ ಗಾಯ ಮಾಡಿದೆ, ಎರಡು ತಿಂಗಳು ಯಂತ್ರದ ಹತ್ತಿರ ನಿಲ್ಲಿಸಬೇಡಿ ಎಂದು ಅವರು ಚೀಟಿ ಬರೆದುಕೊಟ್ಟರು. "ಇದು ಹುಚ್ಚಲ್ಲಮ್ಮ, ಹೆದರಬೇಡಿ. ವಾಸಿಯಾಗುತ್ತೆ" ಎಂದರು. ಆ ಒಂದು ಮಾತು ಹಿಡಿದುಕೊಂಡು ಅವಳು ಮನೆಯವರೆಗೂ ನಡೆದೇ ಬಂದಳು.

ಸೂಪರ್‌ವೈಸರ್ ಆ ಚೀಟಿಯನ್ನು ಟೀ ಹೊತ್ತಿನಲ್ಲಿ ಎಲ್ಲರ ಮುಂದೆ ಗಟ್ಟಿಯಾಗಿ ಓದಿದ.

"ಕೇಳಿದ್ರಾ? ಬೆರಳು ಹೋಗಿದ್ದು ಅವಳದ್ದು, ಗಾಯ ಆಗಿದ್ದು ಇವಳಿಗೆ!"

ಲೋಟಗಳು ಅಲುಗಾಡುವಷ್ಟು ನಗು. ಅವತ್ತು ಬಟನ್ ಒತ್ತಿದ್ದ ಮಡಿಸುವವಳೂ ನಕ್ಕಳು. ಅಂದಿನಿಂದ ಚುರುಕಿ ಹೋಗಿ ಗಡಗಡಿ ಎಂಬ ಹೆಸರು ಬಂತು. ರೋಲರಿನ ಕೆಲಸ ಮಾತ್ರ ತಪ್ಪಲಿಲ್ಲ.

ಒಂದು ಸೋಮವಾರ ಅವಳ ಎದುರು ನಿಂತಿದ್ದ ಹೊಸ ಜೋಡಿಯವಳು ಇದ್ದಕ್ಕಿದ್ದಂತೆ ಚೀರಿದಳು. ಶೀಟಿನ ಜೊತೆ ಕೈಯೊಂದು ರೋಲರಿನೊಳಗೆ ಸರಿಯುತ್ತಿತ್ತು, ಬಿಳಿ ಬಟ್ಟೆಯ ಮೇಲೆ ಕೆಂಪು ಹರಡುತ್ತಿತ್ತು. ಚುರುಕಿ ಕಣ್ಣು ಮಿಟುಕಿಸುವಷ್ಟರಲ್ಲಿ ಬಟನ್ ಒತ್ತಿದ್ದಳು.

ಯಂತ್ರ ನಿಂತಿತು. ಸುತ್ತ ಹೋ ಎಂದು ನಗೆ ಎದ್ದಿತು. ಅದು ಚಿಂದಿ ತುಂಬಿದ ಹಳೆಯ ಕೈಗವಸು, ಕೆಂಪು ಬಣ್ಣದಲ್ಲಿ ಅದ್ದಿದ್ದು.

ಚುರುಕಿ ಬಟನ್ನಿನಿಂದ ಕೈ ತೆಗೆಯಲಿಲ್ಲ. ನಕ್ಕವರು ಸುಮ್ಮನಾದರು, ಆಮೇಲೆ ಬೇಸತ್ತರು, ಆಮೇಲೆ ಬೈದರು. ಒದ್ದೆ ಶೀಟುಗಳ ಗಾಡಿಗಳು ಸಾಲುಗಟ್ಟಿದವು. ಅರ್ಧ ಗಂಟೆ ಕಳೆದ ಮೇಲೆ ಸೂಪರ್‌ವೈಸರ್ ಬಂದು ಅವಳ ಬೆರಳುಗಳನ್ನು ಒಂದೊಂದಾಗಿ ಕಿತ್ತು ಬಿಡಿಸಿದ. ಕಿರುಬೆರಳು ಲಟ್ಟೆಂದಿತು.

"ನೋಡಿ, ಕೈ ಚೆನ್ನಾಗೇ ಓಡುತ್ತೆ. ಬೇಕಾದಾಗ ಮಾತ್ರ ಓಡಲ್ಲ" ಎಂದ.

ಬೆರಳಿಗೆ ಕಟ್ಟು ಹಾಕಿಸಿಕೊಂಡು ಅವಳು ನೇರವಾಗಿ ದೊಡ್ಡಕ್ಕನ ಮನೆಗೆ ಹೋದಳು. ಅಪಘಾತವಾದ ಮೇಲೆ ಇದೇ ಮೊದಲು. ಅಲ್ಲಾದರೂ ಅಳಬಹುದು ಎಂದುಕೊಂಡಿದ್ದಳು. ದೊಡ್ಡಕ್ಕ ಬಾಗಿಲು ತೆರೆದು, ಒಳಗೆ ಬಾ ಎನ್ನದೆ, ಹೊಸಿಲಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು.

"ಎಷ್ಟು ಹೊತ್ತಾದ ಮೇಲೆ ಒತ್ತಿದೆ?"

"ತಕ್ಷಣ ಒತ್ತಿದೆ ಅಕ್ಕ. ನಿಮ್ಮಾಣೆ."

"ಆ ಕೈಗವಸು ನಂದೇ" ಎಂದಳು ದೊಡ್ಡಕ್ಕ. "ಮಡಿಸೋಳು ಕೇಳೋಕೆ ಬಂದಿದ್ಲು, ತಮಾಷೆಗೆ ಅಂತ. ಕೊಟ್ಟೆ. ನಿನ್ನ ಕೈಗೆ ಆಗುತ್ತಾ ಇಲ್ವಾ ಅಂತ ನಂಗೂ ಗೊತ್ತಾಗ್ಬೇಕಿತ್ತು."

ಚುರುಕಿ ಕಟ್ಟು ಹಾಕಿದ ಬೆರಳನ್ನು ಸೆರಗಿನೊಳಗೆ ಎಳೆದುಕೊಂಡಳು.

"ಆಗಲ್ಲ ಅಂತಿದ್ರೆ ಕ್ಷಮಿಸಿಬಿಡ್ತಿದ್ದೆ. ಚಿಂದಿಗೆ ತಕ್ಷಣ ಒತ್ತಿದೆ. ನನಗೆ ಯಾಕೆ ಒತ್ತಲಿಲ್ಲ?"

"ಗೊತ್ತಿಲ್ಲ ಅಕ್ಕ."

"ಒಂಬತ್ತು ವರ್ಷ ಎದುರುಬದುರು ನಿಂತಿದ್ವಿ ಕಣೆ" ಎಂದು ದೊಡ್ಡಕ್ಕ ಮೊಂಡು ಕೈಯಿಂದಲೇ ಬಾಗಿಲು ನೂಕಿದಳು. ಚಿಲಕ ಹಾಕಲು ಅವಳು ಒಳಗೆ ಬಹಳ ಹೊತ್ತು ಒದ್ದಾಡಿದ್ದು ಚುರುಕಿಗೆ ಕೇಳಿಸಿತು.

ಮರುದಿನ ಅವಳು ಕೆಲಸಕ್ಕೆ ಹೊರಟಳು. ಲಾಂಡ್ರಿಯ ಗೇಟಿನವರೆಗೆ ಹೋಗಿ ಅಲ್ಲೇ ಕುಕ್ಕರಿಸಿದಳು. ಸಂಜೆ ಪಾಳಿ ಬಿಟ್ಟವರು ಅವಳನ್ನು ಸುತ್ತು ಹಾಕಿ ನಡೆದರು. ವಿಷಯ ತಿಳಿದು ಗಂಡ ಬಂದು, ರಟ್ಟೆ ಹಿಡಿದು ಎಳೆದುಕೊಂಡು ಹೋದ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಎಂದು ಅವಳು ದಾರಿಯುದ್ದಕ್ಕೂ ಬೇಡಿಕೊಂಡಳು. "ಊರಿಗೆಲ್ಲ ಡಂಗುರ ಹೊಡೀಬೇಕಾ?" ಎಂದ ಅವನು.

ಈಗ ಆ ಮನೆಗೆ ಯಾರಾದರೂ ಬಂದರೆ ಅತ್ತೆ ಹಿಂದಿನ ಕೋಣೆಯ ಬಾಗಿಲು ಮುಂದೆ ಮಾಡುತ್ತಾಳೆ.

"ಸೊಸೆ ಎಲ್ಲಿ, ಕಾಣಿಸ್ತಿಲ್ಲ?"

"ತವರಿಗೆ ಹೋಗಿದ್ದಾಳೆ. ಅವಳಮ್ಮನಿಗೆ ಹುಷಾರಿಲ್ಲ."

ಅವಳಮ್ಮ ತೀರಿಹೋಗಿ ಆರು ವರ್ಷವಾಯಿತು. ಬಾಗಿಲಿನ ಹಿಂದೆ ಚಾಪೆಯ ಮೇಲೆ ಕೂತು, ಚುರುಕಿ ಆ ಮಾತನ್ನು ಕೇಳಿಸಿಕೊಳ್ಳುತ್ತಾಳೆ. ಬಂದವರು ಹೋಗುವತನಕ ಕೆಮ್ಮಬಾರದೆಂದು ಅವಳಿಗೆ ಹೇಳಿಟ್ಟಿದ್ದಾರೆ.