ಗುಡ್ಡಕ್ಕೂ ರಜೆ ಬೇಕು

ಸಂಜೆ ಕುರಿಗಳು ಗುಡ್ಡ ಇಳಿದು ಬರುವಾಗ ಅವುಗಳ ಎಡಪಕ್ಕೆ ನೋಡಿದರೆ ಸಾಕು, ಆ ದಿನದ ಮೇವಿನ ಕಥೆ ತಿಳಿಯುತ್ತದೆ. ಪಕ್ಕೆ ಉಬ್ಬಿದ್ದರೆ ಹೊಟ್ಟೆ ತುಂಬಿದೆ, ಗುಳಿ ಬಿದ್ದಿದ್ದರೆ ಇಲ್ಲ. ಆ ವರ್ಷ ಮಳೆ ಚೆನ್ನಾಗಿಯೇ ಸುರಿದಿತ್ತು. ಆದರೂ ರೇಡಿಯೊ ಮಾವನ ನಲವತ್ತು ಕುರಿಗಳಲ್ಲಿ ಮೂವತ್ತಕ್ಕೆ ಪಕ್ಕೆಯಲ್ಲಿ ಗುಳಿ ಕಾಣುತ್ತಿತ್ತು.

ಊರವರು ಅವನಿಗೆ ಆ ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಬೆಳಿಗ್ಗೆ ಕುರಿ ಕೂಡುವ ರೊಪ್ಪದ ಬಾಗಿಲು ತೆಗೆದಾಗ ಶುರುವಾದ ಮಾತು ಸಂಜೆ ಬಾಗಿಲು ಹಾಕುವವರೆಗೂ ನಿಲ್ಲುತ್ತಿರಲಿಲ್ಲ. ಕೇಳುವವರು ಕುರಿಗಳೇ ಆದರೂ ಸರಿ. ಅಂಥ ಮಾವ ಈಗ ಒಂದು ವರ್ಷದಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದ. ಕಾರಣ ಅವನಿಗೊಬ್ಬನಿಗೇ ಗೊತ್ತಿತ್ತು.

ಪ್ರತಿ ಬೇಸಿಗೆಯ ಕೊನೆಗೆ, ಮಳೆಗೆ ವಾರ ಇದೆ ಎನ್ನುವಾಗ, ಮಾವ ಗುಡ್ಡದ ಬುಡದ ಒಣಹುಲ್ಲಿಗೆ ಕಡ್ಡಿ ಗೀರುತ್ತಿದ್ದ. ಅವನಪ್ಪನೂ ಹಾಗೇ ಮಾಡುತ್ತಿದ್ದ. ಹಳೆಯದು ಸುಟ್ಟರೆ ಮೊದಲ ಮಳೆಗೆ ಎಳೆ ಹಸಿರು ಬರುತ್ತದೆ ಎಂಬ ಲೆಕ್ಕ. ಹೋದ ವರ್ಷ ಕಡ್ಡಿ ಗೀರಿದ ಅರ್ಧ ಗಂಟೆಗೆ ಗಾಳಿ ತಿರುಗಿತು. ಬೆಂಕಿ ಗುಡ್ಡದ ಮೇಲಕ್ಕೆ ಓಡಿತು. ನೆತ್ತಿಯ ಹತ್ತಿರ ಮುದುಕಿಯೊಬ್ಬಳು ಆಡು ಸಾಕಿಕೊಂಡು ಒಬ್ಬಳೇ ಇದ್ದಳು. ಎಲ್ಲರೂ ಅವಳನ್ನು ಆಡಿನವ್ವ ಅನ್ನುತ್ತಿದ್ದರು. ಅವಳ ಆಡಿನ ಗೂಡು ಹತ್ತಿ ಉರಿಯಿತು. ಮೇಯಲು ಹೋಗಿದ್ದ ಆಡುಗಳು ಉಳಿದವು. ಕಾಲು ಕುಂಟು ಎಂದು ಒಳಗೆ ಕಟ್ಟಿಹಾಕಿದ್ದ ಒಂದು ಉಳಿಯಲಿಲ್ಲ.

ಯಾರೋ ದಾರಿಹೋಕ ಸಿಗರೇಟು ತುಂಡು ಎಸೆದಿರಬೇಕು ಎಂದು ಊರವರು ಮಾತಾಡಿಕೊಂಡರು. ಮಾವನೂ ಹೌದು ಹೌದು ಎಂದು ತಲೆಯಾಡಿಸಿದ. ಗೂಡಿಗೆ ಹೊಸ ಚಾವಣಿ ಹಾಕಲು ಎರಡು ದಿನ ದುಡಿದ. ಆಡಿನವ್ವ ಅವನಿಗೆ ಕುಡಿಯಲು ನೀರು ಕೊಟ್ಟು, ಹೊಟ್ಟೆ ತಣ್ಣಗಿರಲಪ್ಪ ಎಂದು ಹರಸಿದಳು. ಮಾವ ಚೊಂಬನ್ನು ಕೆಳಗಿಟ್ಟು ಮತ್ತೆ ಚಾವಣಿ ಹತ್ತಿದ.

ಕುರಿಗಳು ಹೀಗೆ ಸೊರಗುತ್ತಿದ್ದಾಗ ಅವನ ತಂಗಿ ಬಂದಳು. ಅವಳಿಗೆ ಪಕ್ಕದೂರಿನ ಮೇವಿನ ಬೀಜದ ಕೇಂದ್ರದಲ್ಲಿ ಕೆಲಸ. ಹುಲ್ಲಿನ ತೆನೆ ಕೊಯ್ದು, ಒಣಗಿಸಿ, ಬೀಜ ಬಿಡಿಸಿ ಚೀಲ ಕಟ್ಟುತ್ತಿದ್ದಳು. ಅತ್ತಿಗೆ ಫೋನಿನಲ್ಲಿ ಹೇಳಿದ್ದನ್ನು ಕೇಳಿ, ಗುಡ್ಡ ನೋಡಬೇಕು ಎಂದೇ ಬಂದಿದ್ದಳು.

ಇಬ್ಬರೂ ಹತ್ತಿದರು. ಕೆಳಗೆ ಶಾಲೆಯ ಬೇಲಿಯೊಳಗೆ ಕುರಿ ಹೋಗದ ಜಾಗದಿಂದ ಒಂದು ಹುಲ್ಲಿನ ಬುಡವನ್ನು ತಂಗಿ ಮೊದಲೇ ಕಿತ್ತು ತಂದಿದ್ದಳು. ಇಳಿಜಾರಿನಲ್ಲಿ ಅದೇ ಜಾತಿಯ ಇನ್ನೊಂದು ಬುಡವನ್ನು ಕುಡುಗೋಲಿನ ತುದಿಯಿಂದ ಎಬ್ಬಿಸಿ, ಎರಡನ್ನೂ ಅಣ್ಣನ ಅಂಗೈಮೇಲಿಟ್ಟಳು. ಬೇಲಿಯೊಳಗಿನದರ ಬೇರು ಮೊಳದುದ್ದ ಇತ್ತು. ಗುಡ್ಡದ್ದು ಕಿರುಬೆರಳಿನಷ್ಟು.

“ಮೇಲೆ ಎಷ್ಟು ಎಲೆ ಉಳಿಯುತ್ತೋ ಕೆಳಗೆ ಅಷ್ಟೇ ಬೇರು ಉಳಿಯೋದು ಅಣ್ಣ,” ಅಂದಳು ತಂಗಿ. “ಇದು ಚಿಗುರಿದ ದಿನವೇ ನಿನ್ನ ಕುರಿ ಕಚ್ಚುತ್ತೆ. ಮತ್ತೆ ಚಿಗುರುತ್ತೆ, ಮತ್ತೆ ಕಚ್ಚುತ್ತೆ. ಇಷ್ಟು ಗಿಡ್ಡ ಬೇರಿಗೆ ಮಳೆ ಬಂದರೂ ಒಂದೇ, ಬರದಿದ್ದರೂ ಒಂದೇ.”

“ಕುರಿಗೆ ಹಸಿವು ದಿನಾ ಆಗುತ್ತೆ. ಇವತ್ತು ಇಲ್ಲಿ ಬೇಡ, ಅಲ್ಲಿ ಮೇಯಿ ಅಂತ ಅದಕ್ಕೆ ಯಾರು ಹೇಳ್ತಾರೆ?”

“ನೀನೇ ಹೇಳು. ದಿನವಿಡೀ ಅವುಗಳ ಜೊತೆ ಮಾತಾಡ್ತಿದ್ದವನಲ್ವಾ ನೀನು.”

ಮಾವನಿಗೆ ನಗು ಬರಲಿಲ್ಲ. ಗುಡ್ಡವನ್ನು ನಾಲ್ಕು ತುಂಡು ಮಾಡಿ ಒಂದೊಂದನ್ನೇ ಮೇಯಿಸಬೇಕು, ಹುಲ್ಲು ನಾಲ್ಕು ಬೆರಳಿಗೆ ಇಳಿದ ಕೂಡಲೇ ಮುಂದಿನ ತುಂಡಿಗೆ ಹೋಗಬೇಕು, ಮೇಯಿಸಿದ್ದು ಮತ್ತೆ ಗೇಣುದ್ದ ಬೆಳೆಯುವವರೆಗೆ ಅತ್ತ ಸುಳಿಯಬಾರದು ಎಂದು ಅವಳು ವಿವರಿಸಿದಳು. ಅವನಿಗೆ ಅದು ಪುಸ್ತಕದ ಮಾತಿನಂತೆ ಕೇಳಿಸಿತು. ಸುಟ್ಟರೆ ಹಸಿರು ಬರುವುದನ್ನು ತನ್ನ ಕಣ್ಣಾರೆ ಕಂಡಿದ್ದೇನೆ ಎಂದ.

“ಬರುತ್ತೆ,” ಅಂದಳು ತಂಗಿ. “ಬುಡದಲ್ಲಿ ಕೂಡಿಟ್ಟ ಶಕ್ತಿಯನ್ನೆಲ್ಲ ಸುರಿದು ಬರುತ್ತೆ. ವರ್ಷ ವರ್ಷ ಸುಟ್ಟರೆ ಬುಡವೇ ಸೋಲುತ್ತೆ. ನೆಲದ ಮೇಲಿನ ಬೀಜ ಹುರಿದುಹೋಗುತ್ತೆ. ಬರಿ ಮಣ್ಣು ಮಳೆಗೆ ಕೊಚ್ಚಿಹೋದ ಮೇಲೆ ಅಲ್ಲಿ ಏಳೋದು ಇದೇ.” ಅವಳು ಕಾಲಿನಿಂದ ತೋರಿಸಿದ್ದು ಕುರಿ ಮೂಸಿ ನೋಡಿ ಬಿಟ್ಟುಹೋಗುವ ಮುಳ್ಳುಕಳೆಯನ್ನು. ಮೂರು ವರ್ಷದ ಹಿಂದೆ ಅದು ಅಲ್ಲೊಂದು ಇಲ್ಲೊಂದು ಇತ್ತು. ಈಗ ಇಳಿಜಾರಿನ ಅರ್ಧಕ್ಕೆ ಹಬ್ಬಿತ್ತು.

ಇಳಿಯುವಾಗ ಅವಳು ತಟ್ಟನೆ ನಿಂತಳು. “ಹೋದ ವರ್ಷದ ಬೆಂಕಿ ಬುಡದಿಂದ ಮೇಲಕ್ಕೆ ಹೋಗಿದೆ. ಜನ ಓಡಾಡೋ ದಾರಿ ಇರೋದು ಮೇಲೆ.” ಮಾವ ಸರಸರನೆ ಇಳಿದು ಮುಂದೆ ಹೋದ.

ಆ ಗುಡ್ಡದಲ್ಲಿ ಏಳು ಮನೆಯ ಜೀವಗಳು ಮೇಯುತ್ತಿದ್ದವು. ಒಬ್ಬರು ಮಾತ್ರ ಹೀಗೆ ತುಂಡು ಬದಲಿಸುವ ಪಾಳಿ ಹಿಡಿದರೆ ಪ್ರಯೋಜನವಿರಲಿಲ್ಲ. ಆ ಭಾನುವಾರ ತಂಗಿಯ ಕರೆಗೆ ಶಾಲೆಯ ಜಗಲಿಯಲ್ಲಿ ಆಡಿನವ್ವನೂ ಸೇರಿ ಏಳೂ ಮನೆಯವರು ಕೂತರು. ತಂಗಿ ಸೀಮೆಸುಣ್ಣದಿಂದ ನೆಲದ ಮೇಲೆ ಗುಡ್ಡ ಬರೆದು, ನಾಲ್ಕು ತುಂಡು ತೋರಿಸಿ, ಬುಡದಲ್ಲಿ ಒಂದು ಗೆರೆ ಎಳೆದಳು. ಅಲ್ಲಿ ಎಂಟು ಹೆಜ್ಜೆ ಅಗಲಕ್ಕೆ ಹುಲ್ಲು ಕೆರೆದು ಬರಿ ಮಣ್ಣು ಮಾಡಿದರೆ ಅದೇ ಬೆಂಕಿ ರೇಖೆ, ಉರಿ ಅಲ್ಲಿಗೆ ಬಂದು ಸೊರಗುತ್ತದೆ ಎಂದಳು. ಹಾಗಾದರೆ ಗುಡ್ಡವನ್ನು ಮೇಯಿಸದೆ ಬಿಟ್ಟುಬಿಡೋಣವೇ ಎಂದು ಒಬ್ಬರು ಕೇಳಿದರು. ಅದೂ ತಪ್ಪು, ಮೇಯದ ಹುಲ್ಲು ಒಣಗಿ ಕೂಡಿ ಬೆಂಕಿಗೆ ಸೌದೆಯಾಗುತ್ತದೆ, ಹದವಾಗಿ ಮೇಯಿಸುವುದೇ ದಾರಿ ಎಂದು ಅವಳು ಬಿಡಿಸಿ ಹೇಳಿದಳು.

ಅವರಲ್ಲೊಬ್ಬ ಹಾಲು ಮಾರುವವನು ಕೈ ಕೊಡವಿದ. ಏನು ಮಾಡಿದರೇನು, ಯಾವನೋ ದಾರಿಹೋಕ ಮತ್ತೆ ಬೆಂಕಿ ಹಚ್ಚಿ ಹೋಗುತ್ತಾನೆ, ಮೊದಲು ಅವನನ್ನು ಹಿಡಿಯಿರಿ ಎಂದ. ಎಲ್ಲರೂ ಸರಿ ಅಂದರು. ಎದ್ದು ಹೋಗಲು ಕೆಲವರು ಚಪ್ಪಲಿ ಮೆಟ್ಟಿಕೊಂಡರು.

ಮಾವ ಎದ್ದು ನಿಂತ.

“ದಾರಿಹೋಕ ಅಲ್ಲ,” ಅಂದ. “ನಾನು.”

ಚಪ್ಪಲಿ ಮೆಟ್ಟಿದವರು ತಿರುಗಿ ಕೂತರು. ಗಾಳಿ ತಿರುಗಿದ್ದು, ಸೊಪ್ಪು ಹಿಡಿದು ಬಡಿದರೂ ಉರಿ ಆರದಿದ್ದದ್ದು, ಹೆದರಿ ಮನೆಗೆ ಓಡಿದ್ದು, ಎಲ್ಲವನ್ನೂ ಅವನು ಹೇಳಿದ. ಯಾರಿಗೂ ಕೂಗಿ ಹೇಳದೆ ಓಡಿದೆನಲ್ಲ, ಅದೇ ದೊಡ್ಡ ತಪ್ಪು ಎಂದ. ಆಡಿನವ್ವನ ಕಡೆ ನೋಡಲು ಅವನಿಗೆ ಧೈರ್ಯ ಸಾಲಲಿಲ್ಲ. ಅವಳು ಕೋಲು ಊರಿಕೊಂಡು ಎದ್ದು ಹೊರಟುಹೋದಳು.

ಬೆಂಕಿ ರೇಖೆಯ ಕೆಲಸವನ್ನು ಮಾವ ತಾನೇ ವಹಿಸಿಕೊಂಡ. ತುಂಡುಗಳ ಗಡಿಗೆ ಕಲ್ಲಿಟ್ಟು ಸುಣ್ಣ ಬಳಿದರು. ಮುಳ್ಳುಕಳೆಯನ್ನು ಹೂ ಬಿಡುವ ಮುಂಚೆ ಬೇರುಸಹಿತ ಕಿತ್ತರು. ತಂಗಿ ತಂದ ಈ ನೆಲದ್ದೇ ಹುಲ್ಲಿನ ಬೀಜವನ್ನು ಮುಂದಿನ ಮಳೆಗೆ ಮುಂಚೆ ಎರಚಿ, ಅದರ ಮೇಲೆ ಕುರಿಗಳನ್ನು ಒಮ್ಮೆ ನಡೆಸಿದರು. ಗೊರಸಿನ ತುಳಿತಕ್ಕೆ ಬೀಜ ಮಣ್ಣಿಗೆ ಕೂತಿತು. ಮೊದಲ ತಿಂಗಳುಗಳು ಸುಲಭವಾಗಿರಲಿಲ್ಲ. ಎರಡು ತುಂಡಿಗೆ ಪೂರ್ತಿ ರಜೆ ಕೊಟ್ಟದ್ದರಿಂದ ಮೇವು ಸಾಲದೆ, ಮಾವನ ಹೆಂಡತಿ ಹೊಲದ ಬದುವಿನ ಹುಲ್ಲು ಕೊಯ್ದು ಹೊತ್ತು ತಂದಳು. ಗುಡ್ಡಕ್ಕೆ ರಜೆ, ನನ್ನ ಸೊಂಟಕ್ಕೆ ಇಲ್ಲ ಎಂದು ಗೊಣಗಿದಳು. ಮಳೆ ನಿಲ್ಲುವ ಹೊತ್ತಿಗೆ ರಜೆಯಲ್ಲಿದ್ದ ತುಂಡಿನ ಹುಲ್ಲು ಅವಳ ಮೊಣಕಾಲು ಮುಟ್ಟಿತು. ಕುರಿಗಳ ಪಕ್ಕೆ ತುಂಬಿತು. ಅವಳ ಗೊಣಗಾಟ ಅರ್ಧಕ್ಕಿಳಿಯಿತು. ಆಡಿನವ್ವ ಮಾತ್ರ ಪಾಳಿಗೆ ಸೇರಲಿಲ್ಲ. ಎದುರು ಸಿಕ್ಕರೆ ಮುಖ ತಿರುಗಿಸುತ್ತಿದ್ದಳು.

ಬೇಸಿಗೆ ಬಂತು. ಒಂದು ಮಧ್ಯಾಹ್ನ ಗುಡ್ಡದ ಬುಡದಲ್ಲಿ, ಬೆಂಕಿ ರೇಖೆಯಾಚೆಯ ಹೊಲದಲ್ಲಿ ಯಾರೋ ಕಸಕ್ಕೆ ಹಚ್ಚಿದ ಬೆಂಕಿ ಬೇಲಿ ದಾಟಿತು. ಹೊಗೆ ಕಂಡ ಕೂಡಲೇ ಮಾವ ಮೊದಲು ಮಾಡಿದ ಕೆಲಸ ಅಗ್ನಿಶಾಮಕದವರಿಗೆ ಫೋನ್. ಎರಡನೆಯದು ಕೂಗು. ಆ ಗಂಟಲು ಏಳೂ ಮನೆಗೆ ಕೇಳಿಸಿತು. ಕುರಿಗಳನ್ನು, ಮೇದು ಹುಲ್ಲು ನಾಲ್ಕು ಬೆರಳಿಗೆ ಇಳಿದಿದ್ದ ಮೂರನೆಯ ತುಂಡಿಗೆ ಹೊಡೆದ. ಉರಿ ಮೇಲಕ್ಕೆ ಓಡುತ್ತದೆ, ಅದರ ಮುಂದೆ ನಿಲ್ಲಬೇಡಿ, ಹೊಗೆಯೊಳಗೆ ನುಗ್ಗಬೇಡಿ ಎಂದು ಬಂದವರನ್ನೆಲ್ಲ ತಡೆದು ಬೆಂಕಿ ರೇಖೆಯ ಈಚೆ ನಿಲ್ಲಿಸಿದ.

ನೆತ್ತಿಯಿಂದ ಆಡಿನವ್ವ ಆಡುಗಳೊಂದಿಗೆ ಇಳಿದು ಬರುತ್ತಿದ್ದಳು. ನೆಟ್ಟಗೆ ಉರಿಯ ಕಡೆ ಇಳಿಯಬೇಡ, ಅಡ್ಡಕ್ಕೆ ಮೂರನೆಯ ತುಂಡಿಗೆ ಬಾ ಎಂದು ಮಾವ ಕೈಬೀಸಿ ಕರೆದ. ಅವಳು ಒಂದು ಗಳಿಗೆ ತಡೆದಳು. ಆಮೇಲೆ ಬಂದಳು. ಅವಳ ಆಡು, ಅವನ ಕುರಿ ಬೆರೆತು ನಿಂತವು.

ಉರಿ ಆಳೆತ್ತರ ಬಂತು. ಬರಿ ಮಣ್ಣಿನ ಪಟ್ಟಿ ಮುಟ್ಟಿದಾಗ ಮೊಣಕಾಲಿಗಿಳಿಯಿತು, ಆಮೇಲೆ ತಿನ್ನಲು ಏನೂ ಸಿಗದೆ ಕುಗ್ಗಿತು. ಒಂದೆರಡು ಕಿಡಿ ಈಚೆ ಹಾರಿ ಗಿಡ್ಡ ಹುಲ್ಲಿನ ಮೇಲೆ ಬಿದ್ದವು. ಹಸಿ ಸೊಪ್ಪಿನಿಂದ ಬಡಿದು ಆರಿಸಿದರು. ಅಗ್ನಿಶಾಮಕದ ಗಾಡಿ ಬಂದಾಗ ತಣಿಸಲು ಉಳಿದಿದ್ದದ್ದು ಬೇಲಿಯ ಕೊರಡುಗಳು ಮಾತ್ರ.

ಆಡು ಕುರಿ ಬೇರೆ ಮಾಡುವಾಗ ಆಡಿನವ್ವ ವರ್ಷದಲ್ಲಿ ಮೊದಲ ಸಲ ಅವನೊಡನೆ ಮಾತಾಡಿದಳು.

“ಮರೆತಿದ್ದೀನಿ ಅಂದ್ಕೋಬೇಡ.”

“ಅಂದ್ಕೊಳ್ಳಲ್ಲ ಅವ್ವ.”

ಅವಳು ಕೋಲಿನಿಂದ ಗುಡ್ಡದ ಕಡೆ ತೋರಿಸಿದಳು. “ನಾಳೆಯಿಂದ ಯಾವ ತುಂಡು ಮೇಯಿಸೋದು? ಹೇಳು. ನನ್ನವೂ ಅಲ್ಲಿಗೇ ಬರ್ತವೆ.”

ಈ ಕಥೆ ಓದುತ್ತಿರುವ, ಕೇಳುತ್ತಿರುವ ಅಕ್ಕ ಅಣ್ಣಂದಿರೇ, ನಿಮ್ಮೂರಿನ ಹುಲ್ಲುಗಾವಲಿಗೆ ಈ ವಾರ ಒಮ್ಮೆ ಹೋಗಿ ಬನ್ನಿ. ಒಂದು ಬುಡ ಕಿತ್ತು ಬೇರು ಎಷ್ಟುದ್ದ ಇದೆ ನೋಡಿ. ಗಿಡ್ಡವಾಗಿದ್ದರೆ ನೆರೆಹೊರೆಯವರನ್ನು ಕೂರಿಸಿ ಪಾಳಿಯ ಮಾತು ತೆಗೆಯಿರಿ. ಬೇಸಿಗೆಗೆ ಮುಂಚೆ ಬೆಂಕಿ ರೇಖೆ ಕೆರೆಯಿರಿ, ಒಣಹುಲ್ಲಿಗೆ ಕಡ್ಡಿ ಗೀರಬೇಡಿ. ಅಕಸ್ಮಾತ್ ನಿಮ್ಮ ಕೈಯಿಂದಲೇ ಬೆಂಕಿ ತಪ್ಪಿಹೋದರೆ, ದಯವಿಟ್ಟು ಓಡಿಹೋಗಿ ಸುಮ್ಮನಿರಬೇಡಿ. ಕೂಗಿ ಹೇಳಿ. ಬೈಗುಳ ತಿಂದರೂ ಪರವಾಗಿಲ್ಲ, ಮೇಲೆ ಯಾರದೋ ಗೂಡಿನಲ್ಲಿ ಕಟ್ಟಿಹಾಕಿದ ಜೀವ ಇರುತ್ತದೆ.