ಮಾರಮ್ಮನ ಬೆನ್ನಿನ ನಂಬರು

"ಸಿಕ್ತು!" ಹೊಂಗೆ ಮರದ ಬುಡದಲ್ಲಿದ್ದ ಮಾರಮ್ಮನ ಕಲ್ಲಿನ ಬೆನ್ನು ಉಜ್ಜಿ, ಅಲ್ಲಿ ಕೆತ್ತಿದ್ದ ನಂಬರನ್ನು ತಡವುತ್ತ ಸರ್ವೆಯರ್ ಮಲ್ಲಿಕಾರ್ಜುನ್ ಕೂಗಿದರು. "ಇದೇ ಕಣ್ರೀ ಗಡಿಕಲ್ಲು. ಇಲ್ಲಿಂದ ಮೇಲಕ್ಕೆಲ್ಲ ಸರ್ಕಾರಿ ತೇಗದ ತೋಪು."

ಜವರಯ್ಯ ಊರವರ ಗುಂಪಿನಿಂದ ಮುಂದೆ ಬಂದ. ಆ ಹೊಂಗೆ ಮರದಿಂದ ಮೇಲಕ್ಕಿದ್ದದ್ದು ಅವನ ಎರಡೆಕರೆ ರಾಗಿ ಹೊಲ. ಅವನಿಗಿದ್ದದ್ದೇ ಅಷ್ಟು.

ನಂಜನಗೂಡಿನಿಂದ ಬಂದಿದ್ದ ಜೀಪಿನ ಬಾನೆಟ್ ಮೇಲೆ ಹಳೇ ನಕ್ಷೆ ಹರಡಿತ್ತು. ಕಣಿವೆ ತುಂಬ ಕಾಡಿದ್ದ ಕಾಲದ್ದು. ಮರ ಕೊಯ್ಯುವ ಗುಂಡಿ, ದಿಮ್ಮಿ ಸಾಗಿಸುತ್ತಿದ್ದ ಗಾಡಿದಾರಿ, ಆ ದಾರಿ ಹಳ್ಳ ದಾಟುವಲ್ಲಿ ಗಡಿಕಲ್ಲಿನ ಪುಟ್ಟ ಚೌಕ.

"ನಕ್ಷೇಲಿ ಕಲ್ಲು ಹಳ್ಳದ ದಡದಲ್ಲಿದೆ. ಈಗ ಹಳ್ಳ ಇಲ್ಲಿಂದ ಮುನ್ನೂರು ಅಡಿ ಮೇಲಕ್ಕಿದೆ. ದಿಕ್ಕು ಬದಲಿಸಿರ್ಬೇಕು ಬಿಡಿ. ಗೂಟ ಹೊಡೀರಿ," ಎಂದರು ಮಲ್ಲಿಕಾರ್ಜುನ್.

ಎಂಥ ಬುದ್ಧಿವಂತರಪ್ಪ! ಕಲ್ಲು ನಂಬಿ ಹಳ್ಳವನ್ನೇ ಅನುಮಾನಿಸಿಬಿಟ್ಟರು. ಹಳ್ಳ ಎಲ್ಲಿಗೂ ಹೋಗಿರಲಿಲ್ಲ. ಸಿಡುಬು ಬಂದ ವರ್ಷ ಜವರಯ್ಯನ ಅಪ್ಪನೇ ಆ ಕಲ್ಲನ್ನು ಹಳ್ಳದ ದಡದಿಂದ ಹೊತ್ತು ತಂದು ಮರದ ಬುಡದಲ್ಲಿ ನೆಟ್ಟು, "ಅಮ್ಮ ತಾನಾಗೇ ಎದ್ದವ್ಳೆ" ಎಂದು ಊರನ್ನು ಕರೆದಿದ್ದ. ಸಾಯುವಾಗ ಮಗನೊಬ್ಬನಿಗೇ ನಿಜ ಹೇಳಿದ್ದ. ಜವರಯ್ಯನ ಹೆಂಡತಿ ಚಲುವಮ್ಮ ಆ ಅಮ್ಮನಿಗೆ ಹರಕೆ ಹೊತ್ತೇ ಮಗಳನ್ನು ಉಳಿಸಿಕೊಂಡಿದ್ದಳು. ಈಗಲೂ ಮಂಗಳವಾರದ ಪೂಜೆಯ ತಟ್ಟೆ ಹಿಡಿದು ಊರವರ ನಡುವೆ ನಿಂತಿದ್ದಳು.

ಜವರಯ್ಯ ಬಾಯಿಬಿಟ್ಟರೆ ಅಪ್ಪ ಸುಳ್ಳ, ಅಮ್ಮ ಬರೀ ಕಲ್ಲು. ಬಿಡದಿದ್ದರೆ ಹೊಲ ಹೋಯಿತು.

"ಅಳ್ಳ ತಿರುಗಿಲ್ಲ ಸಾ," ಎಂದ. "ಕಲ್ಲೇ ಬಂದದೆ. ನಮ್ಮಪ್ಪ ಒತ್ಕ ಬಂದ."

ಚಲುವಮ್ಮ ತಟ್ಟೆಯನ್ನು ನೆಲಕ್ಕಿಟ್ಟಳು. "ಇಷ್ಟ್ ವರ್ಸ ನನ್ಗೂ ಯೋಳ್ನಿಲ್ವಲ್ಲ!"

ಮಲ್ಲಿಕಾರ್ಜುನ್ ನಂಬಲಿಲ್ಲ. "ಹೊಲ ಉಳಿಸ್ಕೊಳ್ಳೋಕೆ ಯಾರು ಬೇಕಾದ್ರೂ ಹಿಂಗೆ ಹೇಳ್ತಾರೆ. ಹಿಂದಿನವರು ಗಡಿಕಲ್ಲಿನ ಬುಡಕ್ಕೆ ಇದ್ದಿಲು ತುಂಬ್ತಿದ್ರು. ಕಲ್ಲು ಮೊದಲಿದ್ದ ಜಾಗದಲ್ಲಿ ಅದನ್ನ ತೋರಿಸಿ, ಒಪ್ತೀನಿ."

ನಕ್ಷೆ ಹಿಡಿದು ಎಲ್ಲರೂ ಹಳ್ಳಕ್ಕೆ ನಡೆದರು. ಹಳೇ ಗಾಡಿದಾರಿ ಇಳಿಯುವಲ್ಲಿ ಜವರಯ್ಯ ಹಾರೆ ಹಾಕಿದ. ಒಂದಡಿ, ಬರೀ ಮಣ್ಣು. ಎರಡಡಿ, ಬೇರು. ಮಲ್ಲಿಕಾರ್ಜುನ್ ವಾಚು ನೋಡಿಕೊಂಡರು. ಇನ್ನೊಂದು ಗೇಣು ಅಗೆದಾಗ ಮಣ್ಣು ಕಪ್ಪಗೆ ಬಂತು. ಇದ್ದಿಲ ಚೂರನ್ನು ಅಂಗೈಲಿಟ್ಟುಕೊಂಡು ಜವರಯ್ಯ ಅತ್ತೇಬಿಟ್ಟ.

ಸಂಜೆಯೊಳಗೆ ಕಲ್ಲನ್ನು ಅಲ್ಲಿಗೆ ಹೊತ್ತು ತಂದರು. ಚಲುವಮ್ಮ ಗಂಡನ ಮುಖ ನೋಡಲಿಲ್ಲ. ಕಲ್ಲನ್ನು ಗುಂಡಿಗಿಳಿಸುವಾಗ ಮಾತ್ರ ಸೆರಗು ಬಿಗಿದು ಮುಂದೆ ಬಂದಳು.

"ನಂಬರು ತೋಪಿನ್ ಕಡೆಗಿರ್ಲಿ ಸಾ. ಅಮ್ಮನ್ ಮೊಕ ನಮ್ ಒಲದ ಕಡೆಗಿರ್ಲಿ."

ಮಲ್ಲಿಕಾರ್ಜುನ್ ಶೂ ಬಿಚ್ಚಿಟ್ಟು, ಕಲ್ಲು ತಿರುಗಿಸಲು ತಾವೂ ಕೈ ಕೊಟ್ಟರು.